ಕೃಷ್ಣಾ–ಘಟಪ್ರಭಾ ನೀರಿನಲ್ಲಿ ದೋಣಿಯಿಂದ ವನ್ಯಜೀವಿ ವೀಕ್ಷಣೆ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳು ಹರಿಯುತ್ತವೆ. ಈ ನದಿಗಳ ಹರಿವಿನ ಮೇಲೆ, ಬ್ಯಾರೇಜುಗಳ ಹಿಂದೆ ನಿಂತ ನೀರಿನ ಮೇಲೆ, ಆಲಮಟ್ಟಿ ಜಲಾಶಯದ ಹಿನ್ನೀರಿನ ಮೇಲೆ ಹರಿಗೋಲು, ದೋಣಿ, ಸಣ್ಣ ಬೋಟುಗಳಲ್ಲಿ ಸಾಗುತ್ತ ನೀರುಹಕ್ಕಿ, ಮೊಸಳೆ ಮತ್ತಿತರ ಜೀವಿಗಳನ್ನು ಗಮನಿಸುವುದು ಈ ಲೇಖನದ ವಿಷಯ. ರಂಗನತಿಟ್ಟು ಪಕ್ಷಿಧಾಮದಲ್ಲಿ ಇದಕ್ಕೆಂದೇ ಹುಟ್ಟು ಹಾಕುವ ದೋಣಿಗಳಿವೆ. ಇಲ್ಲಿ ಮಾತ್ರ ಹೊಳೆ ದಾಟಿಸುವ ಅಂಬಿಗನ ದೋಣಿಯನ್ನೋ ಬಲೆ ಎತ್ತಲು ಹೊರಟ ಮೀನುಗಾರನ ಹರಿಗೋಲನ್ನೋ ಆಶ್ರಯಿಸಿಯೇ ನೋಡಬೇಕು. ಇಲ್ಲಿನ ವೀಕ್ಷಣೆಯ ಗುಣವೂ ಮಿತಿಯೂ ಇದರಿಂದಲೇ ಬಂದಿವೆ.

ದೋಣಿಯಲ್ಲಿ ಕುಳಿತು ಪ್ರಾಣಿಪಕ್ಷಿ ನೋಡುವುದೆಂದರೆ ಕರಾವಳಿಯ ಅಳಿವೆಗಳು, ಕಾಂಡ್ಲಾ ಕಾಡುಗಳು ಮೊದಲು ನೆನಪಾಗುತ್ತವೆ. ಎರೆ ನೆಲ, ಕಬ್ಬಿನ ಗದ್ದೆ, ಕಲ್ಲುಮಡ್ಡಿಗಳ ಈ ಬಯಲುಸೀಮೆಗೆ ಕಡಲು ಸಹ್ಯಾದ್ರಿಯ ಆಚೆಗಿನ ಮಾತು. ಆದರೂ ಬೀಳಗಿ ತಾಲ್ಲೂಕಿನ ಕೊರ್ತಿಯಿಂದ ಆಲಮಟ್ಟಿ ಹಿನ್ನೀರಿನ ಎದುರು ದಂಡೆಯ ಕೊಲ್ಹಾರದ ಕಡೆಗೆ ನೋಡಿದವರಿಗೆ ಕಡಲಿನ ನೆನಪಾಗದೆ ಇರದು. ಅಲ್ಲಿ ಹೆದ್ದಾರಿಯ ಸೇತುವೆಯೇ ಸುಮಾರು 3 ಕಿ.ಮೀ. ಉದ್ದವಿದೆ. ಮಧ್ಯಾಹ್ನದ ಗಾಳಿಗೆ ತೆರೆ ಏಳುತ್ತದೆ, ದಡದಲ್ಲಿ ನೊರೆ ಕಟ್ಟುತ್ತದೆ.

ಕಡಲಿಗೂ ಈ ಹಿನ್ನೀರಿಗೂ ನಿಜವಾದ ಹೋಲಿಕೆ ಇರುವುದು ಅಗಲದಲ್ಲಲ್ಲ, ಉಬ್ಬರ-ಇಳಿತದಲ್ಲಿ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ದಿನಕ್ಕೆರಡು ಸಲ ನೀರು ಇಳಿದು ಕೆಸರುಬಯಲು ತೆರೆದುಕೊಳ್ಳುತ್ತದೆ, ಗೊರವಗಳು ಆ ಹೊತ್ತು ಹಿಡಿದು ಮೇವಿಗೆ ಇಳಿಯುತ್ತವೆ. ಆಲಮಟ್ಟಿ ಹಿನ್ನೀರಿನಲ್ಲಿ ಇರುವುದು ವರ್ಷಕ್ಕೊಂದೇ ಉಬ್ಬರ, ಒಂದೇ ಇಳಿತ. ಅದನ್ನು ನಡೆಸುವುದು ಚಂದ್ರನಲ್ಲ, ಮಹಾಬಳೇಶ್ವರದ ಮಳೆ ಮತ್ತು ಅಣೆಕಟ್ಟೆಯ ಗೇಟು. ಈ ಒಂದು ಸಂಗತಿ ತಿಳಿಯದೆ ಯಾವ ತಿಂಗಳಲ್ಲಿ ಯಾವ ಹಕ್ಕಿ ಎಂದು ಪಟ್ಟಿ ಹಿಡಿದು ಬಂದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಇಲ್ಲಿ ತಿಂಗಳಿಗಿಂತ ಮೊದಲು ಕೇಳಬೇಕಾದ್ದು ನೀರಿನ ಮಟ್ಟ.

ನೀರಿನ ನೆಲೆಗಳು

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಬೆಳಗಾವಿ ಜಿಲ್ಲೆಯನ್ನು ಹಾದು ರಬಕವಿ-ಬನಹಟ್ಟಿಯ ಕಡೆಯಿಂದ ಈ ಸೀಮೆಗೆ ಬರುತ್ತದೆ, ಜಮಖಂಡಿ ತಾಲ್ಲೂಕನ್ನು ದಾಟಿ ಬೀಳಗಿಯ ಗಲಗಲಿಯತ್ತ ಸಾಗುತ್ತದೆ. ಘಟಪ್ರಭೆ ಗೋಕಾಕದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕಿ, ಢವಳೇಶ್ವರ, ಮುಧೋಳ, ಹೊಳೆಬಸವೇಶ್ವರನ ಮಾಚಕನೂರುಗಳ ಬಳಿ ಹಾದು ಬೀಳಗಿ ಸೀಮೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಕೂಡಲಸಂಗಮದಲ್ಲಿ ಮಲಪ್ರಭೆ ಸೇರುವುದು ಇನ್ನೂ ಕೆಳಗೆ.

ಎರಡೂ ನದಿಗಳು ಈಗ ಮೊದಲಿನಂತೆ ಹರಿಯುತ್ತಿಲ್ಲ. ಕೃಷ್ಣೆಗೆ ಕಟ್ಟಿದ ಹಿಪ್ಪರಗಿ ಬ್ಯಾರೇಜಿನ ಹಿಂದೆ ಸುಮಾರು 6 ಟಿಎಂಸಿ ನೀರು ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಶ್ರಮಬಿಂದು ಸಾಗರವಿದೆ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು 1989ರಲ್ಲಿ ಕಟ್ಟಿದ ಬ್ಯಾರೇಜ್ ಇದು. ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾಗಿ, 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಕಬ್ಬಿಗೆ ನೀರು ಬೇಕೆಂದು ಕಟ್ಟಿದ ಕಟ್ಟೆಯ ಹಿಂದೆ ನೀರುಕಾಗೆಗಳೂ ಮೊಸಳೆಗಳೂ ಬಾಳುವೆ ಹೂಡಿದ್ದು ಯಾರೂ ಲೆಕ್ಕ ಹಾಕಿರದ ಫಲ. ಘಟಪ್ರಭೆಯ ಉದ್ದಕ್ಕೂ ಇಂಥ ಸಣ್ಣ ಬಾಂದಾರಗಳು ಸಾಲಾಗಿವೆ. ಒಂದರ ನೀರು ಮುಗಿಯುವಲ್ಲಿ ಮರಳು, ಬಂಡೆ, ಕಿರುಹರಿವು. ಮತ್ತೆ ಮುಂದಿನದರ ನಿಂತ ನೀರು. ಹೀಗೆ ಒಂದೇ ಬೆಳಗಿನ ಪಯಣದಲ್ಲಿ ಆಳದ ನೀರಿನ ಹಕ್ಕಿಯನ್ನೂ ಹರಿವಿನ ಬಂಡೆಯ ಹಕ್ಕಿಯನ್ನೂ ನೋಡಲು ಸಿಗುವುದು ಘಟಪ್ರಭೆಯ ವೈಶಿಷ್ಟ್ಯ.

ಬೀಳಗಿಯದು ಬೇರೆಯೇ ಲೋಕ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯ ನೀರು ತುಂಬಿದಾಗ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರಕ್ಕೆ ನಿಲ್ಲುತ್ತದೆ, ಸಂಗ್ರಹ ಸುಮಾರು 123 ಟಿಎಂಸಿ. ಹಳೆಯ ಬಾಗಲಕೋಟೆಯ ಬಹುಭಾಗವನ್ನೂ ಬೀಳಗಿ ಸೀಮೆಯ ಅನೇಕ ಊರುಗಳನ್ನೂ ನುಂಗಿದ ನೀರು ಇದು. ಹೆರಕಲ್, ಅನಗವಾಡಿ, ಚಿಕ್ಕಸಂಗಮ, ಕೊರ್ತಿಗಳ ಸುತ್ತ ಹರಡಿರುವ ಈ ಹಿನ್ನೀರಿನ ಅಂಚು ನೇರ ಗೆರೆಯಲ್ಲ. ಪ್ರತಿ ಹಳ್ಳದ ಬಾಯಿಯಲ್ಲೂ ನೀರು ಒಳನುಗ್ಗಿ ಕೊಲ್ಲಿಯಂತೆ ಕವಲೊಡೆದಿದೆ. ಒಣಗಿ ನಿಂತ ಜಾಲಿ ಮರಗಳ ತುದಿಗಳು ನೀರಿನಿಂದ ಮೇಲೆದ್ದಿರುವಲ್ಲಿ ಹಾವಕ್ಕಿಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತವೆ. ಇಲ್ಲಿ ದೋಣಿಯಲ್ಲಿ ಸಾಗುವವರು ಒಂದು ಮಾತು ನೆನಪಿಡಬೇಕು. ದೋಣಿಯ ಕೆಳಗಿರುವುದು ಯಾರದೋ ಹೊಲ, ಯಾರದೋ ಮನೆಯ ಹೊಸ್ತಿಲು. ಹಕ್ಕಿ ಬಂದ ಸಂತೋಷದಲ್ಲಿ ಆ ಊರುಗಳ ಹೆಸರು ಮರೆಯುವುದು ಸಲ್ಲದು.

ವರ್ಷದ ಒಂದೇ ಉಬ್ಬರ

ಬಾಗಲಕೋಟೆ ಜಿಲ್ಲೆಯ ವಾರ್ಷಿಕ ಮಳೆ ಕಡಿಮೆ, ಒಂದೊಂದು ವರ್ಷ ತೀರ ಕಡಿಮೆ. ಹೊಳೆ ತುಂಬುವುದಕ್ಕೂ ಇಲ್ಲಿನ ಮೋಡಕ್ಕೂ ಸಂಬಂಧವಿಲ್ಲ. ಸಹ್ಯಾದ್ರಿಯಲ್ಲಿ, ಕೊಯ್ನಾ ಜಲಾನಯನದಲ್ಲಿ ಮಳೆ ಹೊಡೆದಾಗ ಇಲ್ಲಿ ಬಿಸಿಲಿದ್ದರೂ ‘ಹೊಳಿ ಬಂತು’ ಎನ್ನುತ್ತಾರೆ. ಜುಲೈ, ಆಗಸ್ಟ್ ತಿಂಗಳಲ್ಲಿ ಕೆಂಪು ನೀರು ದಂಡೆ ಮೀರುತ್ತದೆ, ಬ್ಯಾರೇಜುಗಳ ಗೇಟು ತೆರೆದಿರುತ್ತವೆ, ಆಲಮಟ್ಟಿ ತುಂಬುತ್ತದೆ. ಈ ತಿಂಗಳುಗಳಲ್ಲಿ ವೀಕ್ಷಣೆಗೆ ದೋಣಿ ಹತ್ತುವ ಮಾತೇ ಇಲ್ಲ. ದಂಡೆಯ ಮೇಲಿನ ಜಾಲಿಮರಗಳಲ್ಲೂ ಕಬ್ಬಿನ ಗರಿಗಳಲ್ಲೂ ಗೀಜಗಗಳು ಗೂಡು ನೇಯುವುದನ್ನು ನೆಲದ ಮೇಲೆ ನಿಂತೇ ನೋಡಬಹುದು.

ಮಳೆ ಹಿಂದೆ ಸರಿದ ಮೇಲೆ ಬ್ಯಾರೇಜುಗಳ ಗೇಟು ಮುಚ್ಚುತ್ತಾರೆ, ನೀರು ತಿಳಿಯಾಗುತ್ತದೆ. ನವೆಂಬರಿನಿಂದ ಚಳಿಗಾಲದ ವಲಸೆ ಹಕ್ಕಿಗಳು ಇಳಿಯುತ್ತವೆ. ಆದರೆ ಆಗ ಆಲಮಟ್ಟಿ ಹಿನ್ನೀರು ಇನ್ನೂ ತುಂಬಿರುತ್ತದೆ, ಕೆಸರುಬಯಲು ಇರುವುದಿಲ್ಲ, ಹಕ್ಕಿಗಳು ದೂರ ದೂರ ಚದುರಿರುತ್ತವೆ. ಹಿಂಗಾರಿ ಮತ್ತು ಬೇಸಿಗೆಯ ಬೆಳೆಗೆ ಕಾಲುವೆಗಳ ಮೂಲಕ ನೀರು ಹೊರಟಂತೆಲ್ಲ ಅಂಚು ಹಿಂದೆ ಸರಿಯುತ್ತದೆ. ಇಳಿಜಾರು ಕಡಿಮೆಯಿರುವಲ್ಲಿ ಮಟ್ಟ ಒಂದು ಮೀಟರ್ ತಗ್ಗಿದರೂ ಬಹು ಅಗಲದ ಹಸಿ ಎರೆಮಣ್ಣು ತೆರೆದುಕೊಳ್ಳುತ್ತದೆ. ಹುಳು, ಸಿಗಡಿ, ಮರಿಮೀನು, ಚಿಗುರುಹುಲ್ಲು ಎಲ್ಲವೂ ಅಲ್ಲಿ. ಫೆಬ್ರುವರಿಯಿಂದ ಮೇ ತನಕ ಹಿನ್ನೀರಿನ ಹಕ್ಕಿಗಳು ಒತ್ತೊತ್ತಾಗಿ ನೆರೆಯುವುದು ಈ ಮಣ್ಣಿನ ಪಟ್ಟಿಯ ಮೇಲೆ.

ಮೇಲುಭಾಗದ ಬ್ಯಾರೇಜುಗಳ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಹಿಪ್ಪರಗಿಯ ನೀರು ಏಪ್ರಿಲ್ ಹೊತ್ತಿಗೆ ತಳ ಕಂಡು, ಬರದ ವರ್ಷಗಳಲ್ಲಿ ಕೊಯ್ನಾದಿಂದ ನೀರು ಬಿಡಿ ಎಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರವನ್ನು ಕೇಳಿಕೊಳ್ಳುವ ಪ್ರಸಂಗ ಮತ್ತೆ ಮತ್ತೆ ಬಂದಿದೆ. ಆಗ ರಬಕವಿ-ಜಮಖಂಡಿಗಳ ಕೃಷ್ಣೆಯಲ್ಲಿ ದೋಣಿ ಸಾಗುವಷ್ಟು ನೀರು ಮಡುಗಳಲ್ಲಿ ಮಾತ್ರ. ಹೀಗಾಗಿ ಚಳಿಗಾಲದಲ್ಲಿ ರಬಕವಿ-ಜಮಖಂಡಿಯ ಕೃಷ್ಣೆ, ಬೇಸಿಗೆಯಲ್ಲಿ ಬೀಳಗಿಯ ಹಿನ್ನೀರು ಎಂಬುದು ಸರಿಯಾದ ಕ್ರಮ.

ದೋಣಿ ಮತ್ತು ಅಂಬಿಗ

ಈ ನೀರಿನ ಹಳೆಯ ವಾಹನ ಹರಿಗೋಲು. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು ಹಿಂದೆ ಎಮ್ಮೆಯ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ತಳ ದುಂಡಗೆ, ಚಪ್ಪಟೆ. ಗೇಣು ನೀರಿದ್ದರೂ ಸಾಗುತ್ತದೆ, ಸದ್ದಿಲ್ಲ, ಹೊಗೆಯಿಲ್ಲ. ಹಕ್ಕಿಯ ಹತ್ತಿರ ಹೋಗಲು ಇದಕ್ಕಿಂತ ಒಳ್ಳೆಯ ವಾಹನವಿಲ್ಲ. ದುರ್ಬೀನು ಕಣ್ಣಿಗಿಟ್ಟವನಿಗೆ ಮಾತ್ರ ಅದರ ಗಿರಕಿ ಒಂದು ಕಷ್ಟ. ಮುಂದೆ ಕುಳಿತು ಒಂದೇ ಮಗ್ಗುಲಿಗೆ ಹುಟ್ಟು ಹಾಕದೆ ಅತ್ತಿತ್ತ ಎಳೆಯಬಲ್ಲ ಅನುಭವಿ ಅಂಬಿಗನಿದ್ದರೆ ಹರಿಗೋಲು ಗಿರಕಿ ಹೊಡೆಯುವುದಿಲ್ಲ.

ದಾಟುದೋಣಿಗಳದು ಇನ್ನೊಂದು ಬಗೆ. ರಬಕವಿಯಿಂದ ಎದುರು ದಂಡೆಯ ಮಹಿಷವಾಡಗಿಗೆ ಜನ, ಸೈಕಲ್ಲು, ಬೈಕುಗಳನ್ನು ಹೊತ್ತು ಬೋಟುಗಳು ಓಡಾಡಿವೆ. ಅಲ್ಲಿ ಸೇತುವೆಗಾಗಿ ಎರಡೂ ದಂಡೆಯವರು ವರ್ಷಗಟ್ಟಲೆ ಕಾದಿದ್ದಾರೆ. ಜಮಖಂಡಿ ತಾಲ್ಲೂಕಿನ ಮುತ್ತೂರು ನಡುಗಡ್ಡೆ, ಕಂಕಣವಾಡಿಯ ಗುಹೇಶ್ವರ ಗಡ್ಡೆಗಳ ರೈತರಿಗೆ ದೋಣಿ ಬೆಳಗಿನ ಎತ್ತಿನ ಬಂಡಿಯಷ್ಟೇ ಸಹಜ; ಹಾಲು, ಮೇವು, ಶಾಲೆಯ ಮಕ್ಕಳು ಎಲ್ಲ ಅದರಲ್ಲೇ. ಬೆಳಗಿನ ಮೊದಲ ದೋಣಿಯಲ್ಲಿ ಹಾಲಿನ ಕ್ಯಾನುಗಳ ನಡುವೆ ಜಾಗ ಕೇಳಿ ಕುಳಿತರೆ ದಾಟುವ ಕಾಲುಗಂಟೆಯಲ್ಲಿ ಕಾಣುವ ಹಕ್ಕಿಗಳು ದಂಡೆಯಲ್ಲಿ ಅರ್ಧ ದಿನ ಕಾದರೂ ಸಿಗುವುದಿಲ್ಲ. ದಿನವೂ ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಹೋಗುವ ದೋಣಿಗೆ ಹಕ್ಕಿಗಳು ಒಗ್ಗಿಕೊಂಡಿರುತ್ತವೆ.

ಅಂಬಿಗರು, ಕೋಳಿಗಳು, ಗಂಗಾಮತಸ್ಥರು ಎಂದು ಕರೆಸಿಕೊಳ್ಳುವ ನೀರಿನ ಕಸುಬಿನ ಮನೆತನಗಳು ಈ ದಂಡೆಗಳಲ್ಲಿವೆ. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯ ತನ್ನ ಕಸುಬಿನ ಹೆಸರನ್ನೇ ಅಂಕಿತ ಮಾಡಿಕೊಂಡವನು. ಯಾವ ಮಡುವಿನಲ್ಲಿ ಮೊಸಳೆಯಿದೆ, ಯಾವ ಗಡ್ಡೆಯ ಮರಳಿನಲ್ಲಿ ಈ ವರ್ಷ ಹಕ್ಕಿ ಮೊಟ್ಟೆಯಿಟ್ಟಿದೆ, ಗಾಳಿ ಯಾವಾಗ ತಿರುಗುತ್ತದೆ ಎಂಬುದೆಲ್ಲ ಇವರಿಗೆ ಗೊತ್ತು. ಹಕ್ಕಿಗೆ ಪುಸ್ತಕದಲ್ಲಿರುವ ಹೆಸರು ಗೊತ್ತಿರಲಿಕ್ಕಿಲ್ಲ. ಇಲ್ಲಿ ಹೊಸದಾಗಿ ನೋಡಲು ಬರುವವರಿಗೆ ಈ ಬರಹದ ಮುಖ್ಯ ಸಲಹೆ ಇದೇ: ಅಂಬಿಗನನ್ನು ಬಾಡಿಗೆಯ ಆಳೆಂದು ಕಾಣದೆ ಗುರುವೆಂದು ಕಾಣಬೇಕು, ಅರ್ಧ ದಿನದ ಮೀನಿನ ಗಳಿಕೆ ಬಿಟ್ಟು ಬರುವವನಿಗೆ ಅದಕ್ಕೆ ತಕ್ಕ ಕೂಲಿ ಕೊಡಬೇಕು.

ಹಕ್ಕಿಗಳು

ಎಲ್ಲ ಕಾಲದಲ್ಲೂ ಕಾಣುವವು ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಬೂದು ಬಕ, ಮಿಂಚುಳ್ಳಿ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಕಲ್ಲು ಬಿದ್ದಂತೆ ಧುಮುಕುವುದು ಕಪ್ಪು-ಬಿಳಿ ಮಿಂಚುಳ್ಳಿ. ಇದೂ ಕಳ್ಳಿಪೀರಗಳೂ ಕಡಿದಾದ ಮಣ್ಣಿನ ದಂಡೆಯಲ್ಲಿ ಬಿಲ ತೋಡಿ ಗೂಡು ಮಾಡುತ್ತವೆ. ದಂಡೆಯ ಮೇಲೆ ನಿಂತವನ ಕಾಲಡಿಯಲ್ಲೇ ಇರುವ ಈ ಬಿಲಗಳು ಅವನಿಗೆ ಕಾಣಿಸುವುದಿಲ್ಲ, ದೋಣಿಯಲ್ಲಿರುವವನಿಗೆ ಗೋಡೆಯ ಗೂಡುಗಳಂತೆ ಸಾಲಾಗಿ ಕಾಣುತ್ತವೆ. ಸೇತುವೆಗಳ ಕಮಾನಿನಡಿ ಮಣ್ಣಿನ ಬಟ್ಟಲು ಕಟ್ಟುವ ತಂತಿಬಾಲದ ಕವಲುತೋಕೆಯನ್ನೂ ನೀರಿನ ಕಡೆಯಿಂದಲೇ ನೋಡಬೇಕು. ಅಂತರಗಂಗೆ ಹಬ್ಬಿರುವಲ್ಲಿ ಎಲೆಯಿಂದೆಲೆಗೆ ನಡೆಯುವ ದೇವನಕ್ಕಿ ಸಿಗುತ್ತದೆ. ನೀರಿಗೆ ಅಂತರಗಂಗೆ ಒಳ್ಳೆಯದಲ್ಲ, ಆದರೂ ದೇವನಕ್ಕಿಗೆ ಅದೇ ಅಂಗಳ.

ಹೊಳೆಯ ಸ್ವಂತ ಹಕ್ಕಿಯೆಂದು ಒಂದನ್ನೇ ಆರಿಸಬೇಕಾದರೆ ಅದು ನದಿ ರೀವ. ಹಳದಿ ಕೊಕ್ಕು, ಕಪ್ಪು ಟೊಪ್ಪಿಗೆ, ಕವಲಾದ ಉದ್ದ ಬಾಲ, ಬೂದುಬಿಳಿ ಮೈ. ಹಾರಾಟದಲ್ಲಿ ಇಷ್ಟು ಹಗುರವಾದ ಹಕ್ಕಿ ಈ ನೀರಿನ ಮೇಲೆ ಬೇರೊಂದಿಲ್ಲ. ಶಿವಮೊಗ್ಗ-ಚಿಕ್ಕಮಗಳೂರು ಗಡಿಯ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಇದರ ದೊಡ್ಡ ನೆಲೆಯಿದೆ. ಬೇಸಿಗೆಯಲ್ಲಿ ನೀರು ತಗ್ಗಿ ಮರಳುಗಡ್ಡೆ ಮೇಲೆದ್ದಾಗ ಬರಿಮರಳಿನಲ್ಲಿ ಸಣ್ಣ ಗುಣಿ ಮಾಡಿ ಎರಡು-ಮೂರು ಮೊಟ್ಟೆಯಿಡುತ್ತದೆ. ಗೂಡೆಂಬುದಿಲ್ಲ, ನೆರಳಿಲ್ಲ. ಉತ್ತರ ಕರ್ನಾಟಕದ ಏಪ್ರಿಲ್ ಬಿಸಿಲಿನಲ್ಲಿ ತಾಯಿಹಕ್ಕಿ ಎದ್ದು ಹೋದರೆ ಮೊಟ್ಟೆ ಬೆಂದುಹೋಗುತ್ತದೆ. ಅದಕ್ಕೇ ಅದು ನೀರಿಗೆ ಇಳಿದು ಎದೆ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ದೋಣಿ ಗಡ್ಡೆಗೆ ತಾಗಿ ಜನ ಇಳಿದರೆ ಹಕ್ಕಿಗಳೆಲ್ಲ ಎದ್ದು ಕೂಗುತ್ತ ಸುತ್ತುತ್ತವೆ. ಅದನ್ನು ನೋಡಲು ಚೆಂದವೆಂದು ಹತ್ತು ನಿಮಿಷ ನಿಲ್ಲುವವರಿದ್ದಾರೆ. ಆ ಹತ್ತು ನಿಮಿಷದಲ್ಲಿ ಕಾಗೆಗೂ ಬಿಸಿಲಿಗೂ ಗೂಡುಗಳು ಬಲಿಯಾಗುತ್ತವೆ.

ಚಳಿಗಾಲದ ಅತಿಥಿಗಳಲ್ಲಿ ಹೆಸರು ಮಾಡಿದ್ದು ಪಟ್ಟೆತಲೆ ಹೆಬ್ಬಾತು. ಟಿಬೆಟ್, ಮಂಗೋಲಿಯಾದ ಸರೋವರಗಳಲ್ಲಿ ಮರಿ ಮಾಡಿ ಹಿಮಾಲಯ ದಾಟಿ ಬರುವ ಹಕ್ಕಿ ಇದು. ಗದಗ ಜಿಲ್ಲೆಯ ಮಾಗಡಿ ಕೆರೆ ಇದರಿಂದಲೇ ಪ್ರಸಿದ್ಧ. 2024ರ ಜನವರಿಯಲ್ಲಿ ಅಂಕಸಮುದ್ರ, ಅಘನಾಶಿನಿಗಳ ಜೊತೆ ಅದು ರಾಮ್ಸರ್ ತಾಣವೆನಿಸಿತು. ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇದು ಹಗಲು ತೆರೆದ ನೀರಿನಲ್ಲಿ ವಿಶ್ರಮಿಸುವವು. ಹಗಲು ಅವುಗಳ ಕಡೆ ದೋಣಿ ನುಗ್ಗಿಸಿದರೆ ಅವುಗಳ ನಿದ್ದೆಯನ್ನೇ ಕಸಿದಂತೆ. ಕಾವಿ ಬಣ್ಣದ ಚಕ್ರವಾಕ ಜೋಡಿಜೋಡಿಯಾಗಿ ಮರಳಂಚಿನಲ್ಲಿ ನಿಲ್ಲುತ್ತದೆ. ನಮ್ಮ ಹಳೆಯ ಕಾವ್ಯಗಳಲ್ಲಿ ಇರುಳಿಡೀ ಅಗಲಿ ಕೊರಗುವ ಜಕ್ಕವಕ್ಕಿ ಇದೇ. ರನ್ನನ ಹುಟ್ಟೂರೆನಿಸಿದ ಮುಧೋಳದ ಹೊಳೆಯಲ್ಲಿ ಜಕ್ಕವಕ್ಕಿಗಾಗಿ ಕಣ್ಣು ಹಾಯಿಸುವುದಕ್ಕೆ ಬೇರೆ ಕಾರಣ ಬೇಕಿಲ್ಲ. ದಂಡೆಯ ಜೋಳದ ಹೊಲಗಳ ಮೇಲೆ ಚಳಿಗಾಲದಲ್ಲಿ ಗುಲಾಬಿ ಕಬ್ಬಕ್ಕಿಗಳ ಹಿಂಡು ಮೋಡದಂತೆ ತಿರುಗುತ್ತದೆ. ಸಿಪಿಲೆಗಳು ದೋಣಿ ಕಟ್ಟುವ ಗೂಟದವರೆಗೂ ಬರುತ್ತವೆ.

ಬೀಳಗಿಯ ಹಿನ್ನೀರಿಗೆ ನೋಡುವವರನ್ನು ಎಳೆದು ತಂದದ್ದು ರಾಜಹಂಸ, ಅಂದರೆ ಫ್ಲೆಮಿಂಗೊ. ಗುಜರಾತಿನ ಕಚ್ಛ್ ರಣದ ಉಪ್ಪುನೀರಿನಲ್ಲಿ ಮರಿ ಮಾಡುವ ಈ ಉದ್ದಗಾಲಿನ ಹಕ್ಕಿಗಳು ನೀರು ತಗ್ಗಿ ಮೊಣಕಾಲುದ್ದದ ಬಯಲಾದ ಮೇಲೆ ಹಿನ್ನೀರಿಗೆ ಇಳಿಯುತ್ತವೆ. ಕತ್ತನ್ನು ಪೂರ ಬಾಗಿಸಿ, ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು, ಜರಡಿ ಹಿಡಿದಂತೆ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತವೆ. ರೆಕ್ಕೆಯ ಗುಲಾಬಿ ಬಣ್ಣ ಆ ಆಹಾರದಿಂದ ಬಂದದ್ದೇ. ಅವು ನಿಲ್ಲುವ ನೀರು ದೋಣಿಗೆ ಬಹಳ ತೆಳು, ಹರಿಗೋಲಿಗೂ ಕೆಸರು ಹಿಡಿಯುತ್ತದೆ. ರಾಜಹಂಸ ಹಾರುವ ಮೊದಲು ನೀರಿನ ಮೇಲೆ ಹತ್ತಾರು ಹೆಜ್ಜೆ ಓಡಬೇಕಾದ್ದರಿಂದ ಬೇಗ ಬೆದರುತ್ತದೆ. ಹಿಂಡು ಮೇಯುವುದನ್ನು ಬಿಟ್ಟು ಒಟ್ಟಿಗೆ ಒಂದೇ ದಿಕ್ಕಿಗೆ ನಡೆಯತೊಡಗಿದರೆ ಅದು ಎಚ್ಚರಿಕೆ, ಹುಟ್ಟು ನಿಲ್ಲಿಸಬೇಕಾದ ಹೊತ್ತು. ಅದೇ ಬಯಲಿನಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಚಮಚಕೊಕ್ಕು, ಮೆಟ್ಟುಗಾಲು ಹಕ್ಕಿ ಮತ್ತು ಬಗೆಬಗೆಯ ಗೊರವಗಳು ಮೇಯುತ್ತವೆ. ಕಡಲಂಚಿನಲ್ಲಿ ಇಳಿತಕ್ಕೆ ಕಾಯುವ ಕುಲದವೇ ಇವು, ಇಲ್ಲಿ ಗೇಟಿಗೆ ಕಾಯುತ್ತವೆ.

ಮೊಸಳೆ

ಕೃಷ್ಣೆಯ ಮೊಸಳೆ ಸಿಹಿನೀರಿನ ಅಗಲಮೂತಿಯ ಜಾತಿ. ಮಹಾರಾಷ್ಟ್ರದ ಸಾಂಗಲಿಯಿಂದ ಕೆಳಗೆ ನದಿಯುದ್ದಕ್ಕೂ ಇದೆ. ಬ್ಯಾರೇಜುಗಳ ಹಿಂದೆ ನೀರು ನಿಂತ ಮೇಲೆ ಅದಕ್ಕೆ ಬೇಕಾದ ಆಳವೂ ಮೀನೂ ದೊರೆತವು. ಚಳಿಗಾಲದ ಬೆಳಿಗ್ಗೆ ಬಿಸಿಲು ಏರಿದ ಮೇಲೆ ಮರಳುದಿಣ್ಣೆಯ ಮೇಲೆ ಬಾಯಿ ತೆರೆದು ಮಲಗಿರುವುದು ಸಾಮಾನ್ಯ ನೋಟ. ಬಾಯಿ ತೆರೆದದ್ದು ಸಿಟ್ಟಿಗಲ್ಲ, ಮೈಯ ಬಿಸಿಯನ್ನು ಹದ ಮಾಡಿಕೊಳ್ಳಲು. ಹೆಣ್ಣು ಮೊಸಳೆ ಬೇಸಿಗೆಯ ಮೊದಲಲ್ಲಿ ದಂಡೆಯ ಮರಳು, ಮಣ್ಣಿನಲ್ಲಿ ಗುಣಿ ತೋಡಿ ಸಾಮಾನ್ಯವಾಗಿ 25-30 ಮೊಟ್ಟೆಯಿಡುತ್ತದೆ. ಸುಮಾರು ಎರಡು ತಿಂಗಳ ಮೇಲೆ, ಮುಂಗಾರಿಗೆ ಮುನ್ನ ಮರಿಗಳು ಒಳಗಿಂದ ಕೂಗಿದಾಗ ತಾಯಿ ಬಂದು ಗುಣಿ ಕೆದರಿ, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ನೀರಿಗೆ ಬಿಡುತ್ತದೆ. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಗುಣಿಯ ಬಿಸಿಯ ಮೇಲೆ ನಿಂತಿದೆ. ಹೆಚ್ಚು ಬೇಗೆಯಲ್ಲೂ ಚಳಿಯಲ್ಲೂ ದಂಡೆಯಲ್ಲಿ ಉದ್ದ ಬಿಲ ತೋಡಿ ಸೇರಿಕೊಳ್ಳುವುದೂ ಇದರ ರೂಢಿ. ದಂಡೆಯ ಅಂಚಿನವರೆಗೂ ಕಬ್ಬು ಬಂದಿರುವುದರಿಂದ ಕಟಾವಿನ ಆಳುಗಳ ಎದುರಿಗೆ ಮೊಸಳೆ ಬರುವುದಕ್ಕೆ ಇದೂ ಒಂದು ಕಾರಣ.

ನೆರೆ ಬಂದಾಗ ಮೊಸಳೆಗಳು ಸೆಳೆತ ತಪ್ಪಿಸಿಕೊಂಡು ಹೊಲ, ಹಳ್ಳ, ಊರಂಚಿಗೆ ಬರುತ್ತವೆ. 2019ರ ಆಗಸ್ಟಿನ ಮಹಾನೆರೆಯಲ್ಲಿ ನೆರೆಯ ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯ ಚಾವಣಿ ಏರಿ ಕುಳಿತ ಮೊಸಳೆಯ ಚಿತ್ರ ದೇಶವೆಲ್ಲ ನೋಡಿತು. ಆ ನೆರೆಯಲ್ಲಿ ಮುಧೋಳ, ಜಮಖಂಡಿ, ರಬಕವಿ ಸೀಮೆಯ ಜನ ಮನೆಮಾರು ಕಳೆದುಕೊಂಡರು. ಮನುಷ್ಯನಂತೆ ಮೊಸಳೆಯೂ ಆಗ ಆಸರೆ ಹುಡುಕಿತ್ತು. ಬಟ್ಟೆ ಒಗೆಯುವವರು, ದನ ಮೈತೊಳೆಯುವವರು, ಪಂಪ್‌ಸೆಟ್ಟಿನ ಕಾಲುವಾಲ್ವು ಬಿಡಿಸಲು ನೀರಿಗಿಳಿಯುವವರು ಈ ನದಿಯಲ್ಲಿ ದಿನವೂ ಅಪಾಯದ ಜೊತೆ ಬದುಕುತ್ತಾರೆ. ಆದ್ದರಿಂದ ಮೊಸಳೆಯನ್ನು ಮೆಚ್ಚಿ ಬರೆಯುವವರು ದಂಡೆಯವರ ಭಯವನ್ನೂ ಗೌರವಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ ಇದು, ಹಿಡಿಯುವುದು, ಕಟ್ಟುವುದು, ಕೊಲ್ಲುವುದು ಅಪರಾಧ. ಹೊಲದಲ್ಲಿ ಕಂಡರೆ ಅರಣ್ಯ ಇಲಾಖೆಯನ್ನು ಕರೆಸುವುದೇ ದಾರಿ.

ಇದೇ ಕುತೂಹಲದಲ್ಲಿ ನೀರುನಾಯಿಯನ್ನು ಹುಡುಕುವವರು ತುಂಗಭದ್ರೆಗೆ ಹೋಗಬೇಕು. ಹಂಪಿಯ ಸುತ್ತಲಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಿತ ಮೀಸಲೆಂದು ಘೋಷಿಸಲಾಗಿದೆ. ಘಟಪ್ರಭೆಯ ಮೇಲ್ದಂಡೆಯಲ್ಲಿ, ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 1974ರಿಂದ ಪಕ್ಷಿಧಾಮವಿದೆ, ವಿಸ್ತಾರ 29.78 ಚದರ ಕಿ.ಮೀ. ಮುಧೋಳದಿಂದ ಒಂದು ದಿನದಲ್ಲಿ ನೋಡಿ ಬರಬಹುದು.

ದೋಣಿ ಇಳಿದ ಮೇಲೆ ಬೀಳಗಿ-ಮುಧೋಳಗಳ ನಡುವಿನ ಮಡ್ಡಿಯನ್ನು ಬಿಟ್ಟು ಬರಬಾರದು. ಸುಮಾರು 96 ಚದರ ಕಿ.ಮೀ. ವಿಸ್ತಾರದ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಅಲ್ಲಿದೆ. ಕುರುಚಲು ಕಾಡು, ಕಲ್ಲುಗುಡ್ಡ, ತೋಳ ಮತ್ತು ಚಿಂಕಾರ. ನೀರಿಲ್ಲದ ನೆಲದ ಈ ಪ್ರಾಣಿಗಳಿಗೂ ಕಣ್ಣೆದುರಿನ ಹಿನ್ನೀರಿಗೂ ಕೆಲವೇ ಹರದಾರಿ.

ನೋಡುವ ಬಗೆ

ಬೆಳಿಗ್ಗೆ ಹೊತ್ತು ಮೂಡುವ ಮೊದಲು ಹೊರಟು ಒಂಬತ್ತರೊಳಗೆ ದಡ ಸೇರಬೇಕು. ಬಿಸಿಲೇರಿದ ಮೇಲೆ ಹಕ್ಕಿಗಿಂತ ಮೊದಲು ಗಾಳಿ ಏಳುತ್ತದೆ. ಹಿನ್ನೀರಿನ ನಡುವೆ ಗಾಳಿಗೆ ಸಿಕ್ಕ ಹರಿಗೋಲಿಗೆ ಆಸರೆಯಿಲ್ಲ. ಬಿಸಿಲು ಬೆನ್ನಿಗಿರುವಂತೆ ದಿಕ್ಕು ಹಿಡಿದು, ಹಕ್ಕಿಯ ಕಡೆ ನೇರ ನುಗ್ಗದೆ ಓರೆಯಾಗಿ, ನಿಂತು ನಿಂತು ಸಾಗಬೇಕು. ಬೋಟಿನ ಇಂಜಿನ್ ದೂರದಲ್ಲೇ ಆರಿಸಿ ಹುಟ್ಟಿನಲ್ಲಿ ಹತ್ತಿರವಾಗುವುದು ಒಳ್ಳೆಯದು. ದೋಣಿ ಅಲುಗುವುದರಿಂದ ಹತ್ತು ಪಟ್ಟಿನ ದುರ್ಬೀನಿಗಿಂತ ಎಂಟು ಪಟ್ಟಿನದು ಹೆಚ್ಚು ಅನುಕೂಲ. ಮೊಣಕೈಗಳನ್ನು ಮೊಣಕಾಲಿಗೆ ಊರಿ ಹಿಡಿದರೆ ನೋಟ ನಿಲ್ಲುತ್ತದೆ.

ಜೀವರಕ್ಷಕ ಜಾಕೆಟ್ ತೊಡದೆ ಯಾರೂ ಹತ್ತಬಾರದು. ಇದರಲ್ಲಿ ಈಜು ಬಲ್ಲವರು, ಬಾರದವರು ಎಂಬ ಭೇದವಿಲ್ಲ. ಕೈಯನ್ನು ನೀರಿಗಿಳಿಸಿ ಕೂರುವುದು ಮೊಸಳೆಯಿರುವ ಹೊಳೆಯಲ್ಲಿ ತರವಲ್ಲ. ಹಿನ್ನೀರಿನಲ್ಲಿ ಮುಳುಗಿದ ಗೋಡೆ, ಮರದ ಮೋಟು, ಹಾಸಿದ ಬಲೆ ತಳಕ್ಕೆ ತಾಗುತ್ತವೆ. ಮರಳು ತೆಗೆದ ಗುಂಡಿಗಳು ದಂಡೆಯ ಹತ್ತಿರವೇ ಆಳವಾಗಿವೆ. ಬ್ಯಾರೇಜಿನ ಗೇಟುಗಳ ಸಮೀಪ, ನೀರೆತ್ತುವ ಜಾಕ್‌ವೆಲ್‌ಗಳ ಸಮೀಪ ದೋಣಿ ಒಯ್ಯಬಾರದು. ಮೇ ತಿಂಗಳ ಸಂಜೆ ಗುಡುಗುಮಳೆ ಕಟ್ಟಿದ್ದು ಕಂಡರೆ ಎಷ್ಟೇ ಒಳ್ಳೆಯ ಹಕ್ಕಿ ಎದುರಿದ್ದರೂ ತಿರುಗಬೇಕು.

ನೋಡಿದ್ದನ್ನು ಬರೆದಿಡುವುದು ನೋಟದಷ್ಟೇ ಮುಖ್ಯ. ದಿನ, ಹೊತ್ತು, ಜಾಗ, ಎಣಿಕೆಗಳ ಜೊತೆಗೆ ಆ ದಿನದ ಆಲಮಟ್ಟಿ ನೀರಿನ ಮಟ್ಟವನ್ನೂ ಬರೆದರೆ ದಾಖಲೆಗೆ ಬೆಲೆ ಹೆಚ್ಚು. ಪತ್ರಿಕೆಗಳಲ್ಲಿ ಆ ಅಂಕಿ ಬರುತ್ತದೆ. 1987ರಿಂದ ನಡೆದು ಬಂದಿರುವ ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿದೆ, ಶಾಲಾ ಕಾಲೇಜುಗಳೂ ಸೇರಬಹುದು. ಆದರೆ ಇಲ್ಲಿನ ಬಯಲಿನಲ್ಲಿ ಹಕ್ಕಿ ನೆರೆಯುವುದು ಜನವರಿಯ ನಂತರ. ಆದ್ದರಿಂದ ಏಪ್ರಿಲಿನಲ್ಲಿ ಇನ್ನೊಂದು ಎಣಿಕೆ ಮಾಡದಿದ್ದರೆ ಹಿನ್ನೀರಿನ ನಿಜವಾದ ಲೆಕ್ಕ ಸಿಗದು.

ಒತ್ತಡಗಳು

ಮರಳು ತೆಗೆಯುವುದು ರೀವದ ಮತ್ತು ಮೊಸಳೆಯ ಮೊಟ್ಟೆಯ ನೆಲೆಯನ್ನೇ ತೆಗೆದಂತೆ. ಬಿಟ್ಟುಹೋದ ನೈಲಾನ್ ಬಲೆಗಳಲ್ಲಿ ಹಾವಕ್ಕಿ, ಆಮೆಗಳು ಸಿಕ್ಕಿ ಸಾಯುತ್ತವೆ. ಕಬ್ಬಿನ ಗೊಬ್ಬರ, ಊರಿನ ಕೊಳಚೆ, ಕಾರ್ಖಾನೆಯ ಹೊರನೀರು ಬೇಸಿಗೆಯ ಮಡುಗಳಲ್ಲಿ ಸೇರಿದಾಗ ಮೀನು ಬೆಳ್ಳಗೆ ತೇಲುವುದನ್ನು ದಂಡೆಯವರು ಕಂಡಿದ್ದಾರೆ. ನೀರು ಇಳಿದಂತೆ ತೆರೆಯುವ ಎರೆಮಣ್ಣಿನಲ್ಲಿ ಬೆಳೆ ಇಡುವ ರೈತ ಮತ್ತು ಅಲ್ಲಿ ಮೇಯುವ ಹಕ್ಕಿ ಒಂದೇ ನೆಲ ಕೇಳುತ್ತಿದ್ದಾರೆ. ಜಮೀನು ಕಳೆದುಕೊಂಡವರ ಮುಂದೆ ನಿಂತು ಇದು ಹಕ್ಕಿಯ ಜಾಗ ಎನ್ನುವುದು ಸುಲಭದ ಮಾತಲ್ಲ, ಅನ್ನಲೂಬಾರದು. ಅಣೆಕಟ್ಟೆಯ ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆ ಜಾರಿಗೆ ಬಂದರೆ ಈಗಿನ ಅಂಚು ಪೂರ ಬದಲಾಗುತ್ತದೆ. ಕೆಸರುಬಯಲು ಎಲ್ಲಿ ತೆರೆಯುತ್ತದೆ, ಎಷ್ಟು ದಿನ ಇರುತ್ತದೆ ಎಂಬುದನ್ನು ಹೊಸದಾಗಿ ಕಲಿಯಬೇಕು. ಈಗಿನ ಸ್ಥಿತಿಯ ದಾಖಲೆ ಈಗಲೇ ಆಗಬೇಕೆನ್ನುವುದು ಅದಕ್ಕಾಗಿ.

ಇಷ್ಟರ ನಡುವೆ ನೋಡುಗರ ಕೈಯಲ್ಲೇ ಇರುವ ಕೆಲಸ ಒಂದಿದೆ. ಫೆಬ್ರುವರಿಯಿಂದ ಮುಂಗಾರು ಇಳಿಯುವ ತನಕ ಯಾವ ಮರಳುಗಡ್ಡೆಗೂ ದೋಣಿ ತಾಗಿಸಬೇಡಿ, ಅಂಬಿಗನಿಗೆ ತಾಗಿಸಲು ಹೇಳಬೇಡಿ. ರೀವದ ಮೊಟ್ಟೆ ಮರಳಿನ ಬಣ್ಣದ್ದು. ಕಾಲ ಕೆಳಗೆ ಬಂದ ಮೇಲೂ ಅದು ಕಣ್ಣಿಗೆ ಬೀಳುವುದಿಲ್ಲ.